ಕಾದಂಬರಿ ಭಟ್ರು

ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಈ ಮೂರು ತಾಲ್ಲೂಕಿನ ಯಾವ ಊರಿಗೆ ಹೋದರೂ ಕಾದಂಬರಿ ಬರೆಯುತ್ತಿರುವವನೊಬ್ಬ ಸಿಗುತ್ತಾನೆ. ಬರೆದವನಲ್ಲ, ಬರೆಯುತ್ತಿರುವವನು. ನಮ್ಮ ಕಡೆಯವರಿಗೆ ಕಾದಂಬರಿ ಭಟ್ರು ಎಂದೇ ಹೆಸರು. ಕೊರೋನಾ ಕಾಲದಲ್ಲಿ ಬೆಂಗಳೂರಿನಿಂದ ಲ್ಯಾಪ್‌ಟಾಪು, ಆಫೀಸು ಕುರ್ಚಿ ಸಮೇತ ಬಂದವರು ವಾಪಸು ಹೋಗಲಿಲ್ಲ. ಕಂಪನಿ ಕೆಲಸ ಮನೆಯಿಂದಲೇ. ಅದು ಮುಗಿದ ಮೇಲೆ ಉಳಿಯುವ ಹೊತ್ತನ್ನು ಬರವಣಿಗೆ, ಓದು, ಸಂಗೀತ, ವಿಡಿಯೋ ಗೇಮ್ ಎಂದು ನಾಲ್ಕು ಪಾಲು ಮಾಡಿ, ಪಟ್ಟಿ ಬರೆದು, ಅಡಿಕೆ ಮಂಡಿಯವರು ಕೊಟ್ಟ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಾರೆ. ಪಾಲೇನೋ ಸಮವೇ. ಆದರೆ ಅಣ್ಣತಮ್ಮಂದಿರು ತೋಟ ಹಿಸೆ ಮಾಡಿಕೊಂಡಾಗ ಒಬ್ಬನಿಗೆ ಬರೀ ದರೆ ಸಿಗುತ್ತದಲ್ಲ, ಹಾಗೆ ಬರವಣಿಗೆಗೆ ಸಿಕ್ಕಿದ್ದು ರಾತ್ರಿ ಊಟವಾದ ಮೇಲಿನ ಹೊತ್ತು. ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋಗುವುದೂ ಆಗಲೇ.

ಗೇಮು ಎಂತಕ್ಕೆ ಎಂದು ಕೇಳಿದರೆ ತೇಜಸ್ವಿ ಅಡ್ಡ ಬರುತ್ತಾರೆ. "ತೇಜಸ್ವಿ ಮೂಡಿಗೆರೇಲಿ ಬರೀ ಬರೀತಾ ಕೂತಿದ್ರನಾ? ಮೀನು ಹಿಡೀತಿದ್ರು, ಹಕ್ಕಿ ಫೋಟೋ ತೆಗೀತಿದ್ರು, ಕಂಪ್ಯೂಟರಿಗೂ ಕೈ ಹಾಕಿದ್ರು." ನಮ್ಮ ಜಿಲ್ಲೆಯಲ್ಲಿ ಗಾಳ ಹಿಡಿದವರು, ಕ್ಯಾಮೆರಾ ಕೊಂಡವರು, ಹಳೇ ಸ್ಕೂಟರ್ ಮಾರದೇ ಉಳಿಸಿಕೊಂಡವರು ಎಲ್ಲರೂ ಒಪ್ಪಿಸುವ ಪಾಠ ಇದು. ತೇಜಸ್ವಿ ನಡುನಡುವೆ 'ಕರ್ವಾಲೊ' ತರದ್ದನ್ನೂ ಬರೆದರು ಎಂಬುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ತಡವಾಯಿತಲ್ಲ ಎಂದರೆ ಕುವೆಂಪು. ಅವರು ಹುಟ್ಟಿದ ಹಿರೇಕೊಡಿಗೆ ಕೊಪ್ಪ ತಾಲ್ಲೂಕಿನದೇ ಆದ್ದರಿಂದ ಭಟ್ಟರಿಗೆ ಅವರ ಮೇಲೆ ಹಕ್ಕು ಸ್ವಲ್ಪ ಜಾಸ್ತಿ. "'ಕಾನೂರು ಹೆಗ್ಗಡಿತಿ' 1936. 'ಮಲೆಗಳಲ್ಲಿ ಮದುಮಗಳು' 1967. ಮೂವತ್ತೊಂದು ವರ್ಷ ಸ್ವಾಮಿ!" ಒಮ್ಮೆ ಪೇಟೆಯ ಹೋಟೆಲಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಇದನ್ನು ಕೇಳಿಸಿಕೊಂಡು, ಬನ್ಸ್ ಮುರಿಯುತ್ತಲೇ ಹೇಳಿದರು: "ಮಧ್ಯದಲ್ಲಿ 'ರಾಮಾಯಣ ದರ್ಶನಂ' ಬರೆದ್ರು ಮಾರಾಯ. ವೈಸ್ ಚಾನ್ಸಲರೂ ಆಗಿದ್ರು." ಭಟ್ಟರು ಅವತ್ತು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು.

ಓದು ಚೆನ್ನಾಗಿಯೇ ನಡೆಯುತ್ತದೆ, ಆದರೆ ಮೊದಲ ಅಧ್ಯಾಯದ ತನಕ. ಆರಂಭ ಹೇಗಿರಬೇಕು ಎಂಬುದನ್ನು ಕಲಿಯುವುದಕ್ಕೆ ಓದುವುದರಿಂದ ಮುಂದಿನ ಪುಟಗಳಿಗೆ ಹೋಗುವ ಅಗತ್ಯ ಬೀಳುವುದಿಲ್ಲವಂತೆ. ಆಷಾಢದಲ್ಲಿ ಆ ಪುಟಗಳಿಗೆ ಬೂಷ್ಟು ಹಿಡಿದು, ಅಮ್ಮ ಒಲೆಯ ಮೇಲಿನ ಅಟ್ಟದಲ್ಲಿಟ್ಟು ಒಣಗಿಸುತ್ತಾರೆ. ಹೊಗೆವಾಸನೆಯ ರಷ್ಯನ್ ಕಾದಂಬರಿ ಓದಬೇಕೆಂದರೆ ಇಲ್ಲಿಗೇ ಬರಬೇಕು.

ಸಂಗೀತದ ವಿಷಯದಲ್ಲಿ ಅವರಷ್ಟು ನಿಷ್ಠೆ ಯಾರಿಗೂ ಇಲ್ಲ. ನವರಾತ್ರಿಯಲ್ಲಿ ಶೃಂಗೇರಿಯ ಕಛೇರಿಗಳಿಗೆ ತಪ್ಪದೆ ಹಾಜರಿ. ಮನೆಯಲ್ಲಿ ಪ್ರತಿ ಅಧ್ಯಾಯಕ್ಕೂ ಇಂಥ ರಾಗವೆಂದು ಮೊದಲೇ ಗೊತ್ತುಮಾಡಿದ್ದಾರೆ. ಅಧ್ಯಾಯಗಳು ಬರುವುದೊಂದು ಬಾಕಿ. ಕಳೆದ ಜುಲೈಯಲ್ಲಿ ನಾನು ಹೋದಾಗ ಹಂಚಿನ ಮಾಡು ಕಿತ್ತುಹೋಗುವ ಹಾಗೆ ಮಳೆ ಜಡಿಯುತ್ತಿತ್ತು. ಭಟ್ಟರು ಹೊರಗಿನ ಸದ್ದು ಒಳಬಿಡದ ದುಬಾರಿ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಏನು ಕೇಳುತ್ತಿದ್ದೀರಿ ಎಂದು ಸನ್ನೆ ಮಾಡಿದೆ. ತೆಗೆದು ನನ್ನ ಕಿವಿಗಿಟ್ಟರು. ಎಂಟು ಗಂಟೆಯ ಮಳೆ ಸದ್ದಿನ ರೆಕಾರ್ಡಿಂಗು! "ಈ ಮಳೇಲಿ ಫೀಲ್ ಇಲ್ಲ, ಬರೀ ಗಲಾಟೆ" ಎಂದರು.

ಆದರೆ ಮನುಷ್ಯ ಸೋಮಾರಿ ಎಂದರೆ ನಾನು ಒಪ್ಪುವುದಿಲ್ಲ. ಗೇಮಿನಲ್ಲಿ ಒಬ್ಬ ರಾಕ್ಷಸನ ಎದುರು ಹತ್ತಾರು ಸಲ ಸತ್ತು, ಸತ್ತಲ್ಲಿಂದ ಎದ್ದು, ಅವನು ಎಡಗೈ ಎತ್ತಿದರೆ ಎತ್ತ ಹಾರಬೇಕೆಂದು ಕಲಿತು, ನಡುರಾತ್ರಿ ಕೊಂದು ಮಲಗಿದ್ದನ್ನು ನಾನೇ ನೋಡಿದ್ದೇನೆ. ಬೇಸರವಿಲ್ಲ, ಸಿಟ್ಟಿಲ್ಲ. ಅದೇ ವ್ಯಕ್ತಿ ಕಾದಂಬರಿಯ ಒಂದು ವಾಕ್ಯ ಸರಿಬಾರದಿದ್ದರೆ ವಾರಗಟ್ಟಲೆ ಆ ಫೈಲು ತೆರೆಯುವುದಿಲ್ಲ. ಅಲ್ಲಿ ಸತ್ತರೆ ಮತ್ತೆ ಆಡು ಎಂದು ತೆರೆಯ ಮೇಲೇ ಬರುತ್ತದೆ. ಇಲ್ಲಿ ಅಪ್ಪಯ್ಯ ಬರುತ್ತಾರೆ. ಕೊಳೆಗೆ ಔಷಧಿ ಹೊಡೆಸಿ ತೋಟದಿಂದ ಬಂದವರು ಕಾಲು ತೊಳೆಯುತ್ತಾ, "ಎಷ್ಟಾಯ್ತು?" ಎಂದು ಕೇಳುತ್ತಾರೆ. ಅಡಿಕೆ ಎಷ್ಟು ಕ್ವಿಂಟಾಲ್ ಆಯ್ತು ಎನ್ನುವ ಧಾಟಿಯಲ್ಲೇ.

ಬರೆಯದಿದ್ದರೂ ಹಕ್ಕಿನ ವಿಚಾರದಲ್ಲಿ ಭಟ್ಟರು ಜಾಗರೂಕರು. ಪೋಲೆಂಡಿನ ಸಪ್ಕೋವ್ಸ್ಕಿ ಎಂಬ ಲೇಖಕ ತನ್ನ 'ವಿಚರ್' ಕಥೆಗಳನ್ನು ಗೇಮಿನವರಿಗೆ ಮಾರುವಾಗ, ಲಾಭದಲ್ಲಿ ಪಾಲು ಬೇಡ, ಒಂದೇ ಗಂಟು ಕೊಟ್ಟುಬಿಡಿ ಅಂದರಂತೆ. ಆ ಸಾಲಿನ ಮೂರನೇ ಗೇಮು 2015ರಲ್ಲಿ ಬಂದು ಲೋಕವೆಲ್ಲ ಆಡಿತು. 2018ರಲ್ಲಿ ಲೇಖಕರ ವಕೀಲರು ಇನ್ನೂ 6 ಕೋಟಿ ಜ್ಲೋಟಿ ಕೊಡಿ ಎಂದು ಕಾಗದ ಬರೆದರು. ಹೀಗಾಗಬಾರದೆಂದು ನಮ್ಮ ಭಟ್ಟರು ಗೇಮಿನ ಕರಾರು ಪತ್ರವನ್ನು ಈಗಲೇ ಬರೆದಿಟ್ಟಿದ್ದಾರೆ. ಒಂಬತ್ತು ಪುಟ. ಅವರು ಪೂರ್ತಿಗೊಳಿಸಿದ ಏಕೈಕ ಕೃತಿ.

ಕಾದಂಬರಿಯ ವಸ್ತು ಮಾತ್ರ ನಿಜಕ್ಕೂ ಒಳ್ಳೆಯದು. ತರೀಕೆರೆಯಿಂದ ಎನ್.ಆರ್.ಪುರಕ್ಕೆ ಹಿಂದೆ ಓಡುತ್ತಿದ್ದ ಸಣ್ಣ ಟ್ರಾಂ ರೈಲು, ಆಮೇಲೆ ಲಕ್ಕವಳ್ಳಿಯಲ್ಲಿ ಕಟ್ಟಿದ ಭದ್ರಾ ಅಣೆಕಟ್ಟು, ಹಿನ್ನೀರಿಗೆ ಹೋದ ಗದ್ದೆಮನೆಗಳು. ಬೇಸಿಗೆಯಲ್ಲಿ ನೀರು ಇಳಿದಾಗ ಭಟ್ಟರು ಅಲ್ಲಿ ಕ್ಷೇತ್ರಕಾರ್ಯ ಮಾಡಿ ಮೀನೂಟದ ಫೋಟೋ ತೆಗೆಯುತ್ತಾರೆ. (ತಿನ್ನುವುದಿಲ್ಲ ಎನ್ನುತ್ತಾರೆ. ಇರಲಿ.) ಕೊಪ್ಪದ ಕಾರ್ಮಿಕರೇ ಕಟ್ಟಿ ನಡೆಸಿದ ಸಹಕಾರ ಸಾರಿಗೆ 2020ರಲ್ಲಿ ನಿಂತದ್ದೂ ಅವರ ಬರವಣಿಗೆಗೆ ಬಿದ್ದ ಏಟು, ಆ ಬಸ್ಸಿನ ಕಿಟಕಿ ಸೀಟಿನಲ್ಲಿ ಹೊಳೆದಷ್ಟು ಬೇರೆಲ್ಲೂ ಹೊಳೆಯುತ್ತಿರಲಿಲ್ಲವಂತೆ.

ಹಾಗೆಂದು ಆ ಕಥೆ ಯಾರಿಗೂ ಗೊತ್ತಿಲ್ಲ ಎಂದಲ್ಲ. ಅಡಿಕೆ ಸುಲಿತದ ರಾತ್ರಿಗಳಲ್ಲಿ ಭಟ್ಟರು ಜಗಲಿಯ ಮೂಲೆಯಲ್ಲಿ ಕೂತು ಹೇಳುತ್ತಾರೆ. ಆಗ ಹೆಡ್‌ಫೋನೂ ಬೇಡ, ರಾಗವೂ ಬೇಡ. ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಕೈ ನಿಲ್ಲಿಸದೆ ಕೇಳುತ್ತಾರೆ, ಮುಂದೆ ಎಂತಾಯ್ತು ಎಂದು ಪೀಡಿಸುತ್ತಾರೆ. ಮೊನ್ನೆ ಒಬ್ಬಾಕೆ ತಡೆದು ಕೇಳಿದಳು: "ಭಟ್ರೇ, ಆ ಹುಡುಗಿ ಹೋದ ವಾರನೇ ಹೊಳೆಗೆ ಹಾರಿದ್ಲಲ? ಈಗ ಟ್ರಾಂ ಹತ್ತಿ ತವರಿಗೆ ಹೆಂಗೆ ಹೊರಟ್ಲು?"

ಭಟ್ಟರು ತಡವರಿಸಲಿಲ್ಲ. "ಅದು ಸರಿ ಬರಲಿಲ್ಲ ಮಾರಾಯ್ತಿ. ಹಳೇ ಸೇವ್‌ನಿಂದ ಮತ್ತೆ ಶುರು ಮಾಡಿದೀನಿ."

"ಹಂಗೂ ಮಾಡ್ಲಿಕ್ಕೆ ಆಗ್ತದಾ?" ಆಕೆ ಒಂದು ಕ್ಷಣ ಯೋಚಿಸಿ ಗೋಟು ಬುಟ್ಟಿಗೆಸೆದಳು. "ಹಂಗಾದ್ರೆ ಆ ಟ್ರಾಂ ಡ್ರೈವರನ್ನೂ ಬದುಕ್ಸಿಬಿಡಿ. ಸಣ್ಣ ಮಕ್ಕಳು ಅವನಿಗೆ."