ರಿಫಂಡ್ ರಾಯರು

ನಮ್ಮ ಬೀದಿಯಲ್ಲಿ ಯಾರ ಮನೆಗೆ ಪಾರ್ಸಲ್ ಬಾರದೆ ಹೋದರೂ ಅವರು ಮೊದಲು ಹುಡುಕಿಕೊಂಡು ಹೋಗುವುದು ಮೂಲೆಮನೆ ರಾಯರನ್ನು. ಜಾತಕ ತಂದವರ ಹಾಗೆ ಮೊಬೈಲನ್ನು ಎದುರಿಗಿಟ್ಟು ಕೂರುತ್ತಾರೆ. ರಾಯರು ಕನ್ನಡಕ ಹಣೆಗೇರಿಸಿ ಕೇಳುವ ಮೊದಲ ಪ್ರಶ್ನೆ: "ದುಡ್ಡು ಕೊಟ್ಟಿದ್ದು ಹೇಗೆ?" ಕ್ಯಾಷ್ ಆನ್ ಡೆಲಿವರಿ ಎಂದರೆ, "ಕೊಟ್ಟೇ ಇಲ್ವಲ್ರೀ, ಹೋಗಿ ಮಲಕ್ಕೊಳಿ." ಯುಪಿಐ ಎಂದರೆ ಸಾವಿನ ಮನೆಗೆ ಬಂದವರಂತೆ ತಲೆ ತಗ್ಗಿಸುತ್ತಾರೆ. ಕ್ರೆಡಿಟ್ ಕಾರ್ಡ್ ಎಂದಿರೋ, ಮುಖ ಅರಳುತ್ತದೆ. ಒಳಗೆ ಕಾಫಿಗೆ ಹೇಳಿಕಳಿಸುತ್ತಾರೆ.

ರಾಯರು 34 ವರ್ಷ ಎ.ಜಿ. ಆಫೀಸಿನಲ್ಲಿ ಆಡಿಟ್ ಮಾಡಿದವರು. ಎಲ್ಲೋ ಒಂದು ತಾಲ್ಲೂಕಿನ ಮೋರಿ ಕಾಮಗಾರಿಯಲ್ಲಿ ಇಪ್ಪತ್ತು ಪೈಸೆ ತಾಳೆಯಾಗದಿದ್ದಕ್ಕೆ ಮೂವರು ಎಂಜಿನಿಯರುಗಳ ನಿದ್ದೆ ಕೆಡಿಸಿದ ಕೀರ್ತಿ ಅವರದು. ನಿವೃತ್ತರಾದ ಮೇಲೆ ಆಕ್ಷೇಪಣೆ ಎತ್ತಲು ಯಾರೂ ಸಿಗದೆ ಮನೆಯ ಸಾರಿನ ಮೇಲೆ ಎತ್ತತೊಡಗಿದರು. "ಹುಣಿಸೆಹಣ್ಣು ಹೆಚ್ಚಾಗಿದೆ, ಸಮರ್ಥನೆ ಏನು?" ಅವರ ಮನೆಯಾಕೆ ಸೌಟು ಹಿಡಿದು ಸಮರ್ಥನೆ ಕೊಡುವ ಹಂತ ಮುಟ್ಟಿದ್ದಾಗ, ಆ ಸಂಸಾರವನ್ನು ಉಳಿಸಿದ್ದು ಬಾರದೇ ಹೋದ ಒಂದು ಶಾವಿಗೆ ಒರಳು.

ಮಗಳು, ಅಳಿಯ ಬರುವವರಿದ್ದರು. ಅಳಿಯನಿಗೆ ಒತ್ತು ಶಾವಿಗೆ ಎಂದರೆ ಪ್ರಾಣ. ರಾಯರು ಕಾರ್ಡಿನ ಹದಿನಾರು ಅಂಕಿಗಳನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾ, ಪಕ್ಕದ ಮನೆಯವರಿಗೂ ಕೇಳಿಸುವಂತೆ, 2,149 ರೂಪಾಯಿಯ ಹಿತ್ತಾಳೆ ಒರಳನ್ನು ಆನ್‌ಲೈನಿನಲ್ಲಿ ತರಿಸಿದರು. ತರಿಸಿದರು ಎನ್ನುವುದು ತಪ್ಪು, ದುಡ್ಡು ಕಟ್ಟಿದರು. ಅದು ನಾಲ್ಕು ದಿನ 'ಔಟ್ ಫಾರ್ ಡೆಲಿವರಿ' ಆಗಿಯೇ ಇತ್ತು. ಐದನೆಯ ದಿನ ರಾಯರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಾಗ 'ಡೆಲಿವರ್ಡ್' ಎಂದು ಮೆಸೇಜು ಬಂತು. ಸಾಕ್ಷಿಗೆ ಒಂದು ಫೋಟೋ: ಹಸಿರು ಗೇಟು, ಅದರ ಮುಂದೆ ಡಬ್ಬ, ಡಬ್ಬವನ್ನು ಮೂಸುತ್ತಿರುವ ಕಂದು ನಾಯಿ.

ರಾಯರ ಮನೆಯ ಗೇಟು ಕಪ್ಪು. ನಾಯಿಯಂತೂ ಅವರ ಬೀದಿಗೇ ಹೆದರಿ ಬರುವುದಿಲ್ಲ. ಫೋಟೋ ಹಿಡಿದು ಮೂರು ಕ್ರಾಸ್ ಸುತ್ತಿದರು, ನಾನೂ ಜೊತೆಗಿದ್ದೆ. ನಾಲ್ಕನೇ ಕ್ರಾಸಿನಲ್ಲಿ ನಾಯಿ ಸಿಕ್ಕಿತು. ಗೇಟು ಸಿಗಲಿಲ್ಲ. ನಾಯಿ ನಮ್ಮನ್ನೇ ಅನುಮಾನದಿಂದ ನೋಡಿತು.

ಅಂಗಡಿಯವರ ಚಾಟಿನಲ್ಲಿ ಉತ್ತರ ಬಂತು: "ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ವಿಷಯವನ್ನು ಸಂಬಂಧಪಟ್ಟ ತಂಡಕ್ಕೆ ಕಳಿಸಲಾಗಿದೆ." ಮೂವತ್ತನಾಲ್ಕು ವರ್ಷ 'ಪರಿಶೀಲನೆಯಲ್ಲಿದೆ' ಎಂದು ಬರೆದ ಕೈಗೆ ಆ ಶೈಲಿ ಗೊತ್ತಾಗದೆ ಇರುತ್ತದೆಯೇ? "ನಮ್ಮೋರೇ ಯಾರೋ ಇದಾರೆ ಕಣ್ರೀ ಒಳಗೆ" ಎಂದು ರಾಯರು ಎಷ್ಟೋ ದಿನಗಳ ಮೇಲೆ ನಕ್ಕರು. ಅಂದೇ ಸಂಜೆ ಒಂದು ಫೈಲು, ಟ್ಯಾಗು, ಪಂಚಿಂಗ್ ಮಿಷನ್ನು ಮನೆಗೆ ಬಂದವು.

ಆಮೇಲಿನ ಒಂದು ತಿಂಗಳಲ್ಲಿ ರಾಯರು ಓದಿದ್ದನ್ನು ಬೀದಿಯೆಲ್ಲ ಬಾಯಿಪಾಠ ಮಾಡಿತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ಸಹಾಯವಾಣಿ 1915. "ಇಸವಿ ಅನ್ಕೊಂಡು ನೆನಪಿಟ್ಕೊಳಿ, ಗಾಂಧೀಜಿ ಆಫ್ರಿಕಾದಿಂದ ವಾಪಸ್ ಬಂದ ವರ್ಷ. ನಿಮ್ಮ ದುಡ್ಡೂ ಬರುತ್ತೆ" ಎನ್ನುತ್ತಿದ್ದರು. ಆದರೆ ಅವರ ನಿಜವಾದ ಇಷ್ಟದೇವತೆ ಚಾರ್ಜ್‌ಬ್ಯಾಕ್.

"ಅಂಗಡಿಯವನಿಗೆ ದುಡ್ಡು ಕೊಟ್ಟಿದ್ದು ನೀವಲ್ಲ, ಬ್ಯಾಂಕು. ನೀವು ಬ್ಯಾಂಕಿಗೆ ಬಾಕಿ, ಅಷ್ಟೇ. ಹಾಗಾಗಿ ನಮ್ಮ ಬ್ಯಾಂಕು ಕಾರ್ಡು ಕಂಪನಿ ಮೂಲಕ ಅವನ ಬ್ಯಾಂಕಿನ ಕೊರಳಪಟ್ಟಿ ಹಿಡಿಯುತ್ತೆ. ಕೊಟ್ಟಿದೀನಿ ಅಂತ ರುಜುವಾತು ಮಾಡೋ ಪಾಡು ಅವನದು. ವೀಸಾದೋರ ಲೆಕ್ಕದಲ್ಲಿ ಇದಕ್ಕೆ ಹದಿಮೂರು ಬಿಂದು ಒಂದು ಅಂತಾರೆ." ಆ '13.1' ಅನ್ನು ಅವರು ಉಚ್ಚರಿಸುವುದನ್ನು ಕೇಳಬೇಕು. ನಮ್ಮಲ್ಲಿ ಕೆಲವರು ತೋಡಿ ರಾಗದ ಹೆಸರನ್ನು ಹಾಗೆ ಹೇಳುತ್ತಾರೆ. ವಸ್ತು ಬರಬೇಕಿದ್ದ ದಿನದಿಂದ ಸಾಮಾನ್ಯವಾಗಿ 120 ದಿನದ ಗಡುವು. ಆದರೂ ಮೊದಲ ವಾರದಲ್ಲೇ ಬ್ಯಾಂಕಿಗೆ ಬರೆದು ಹಾಕಿ ಎಂಬುದು ರಾಯರ ವಾದ. ಬೀದಿಯ ಹುಡುಗನೊಬ್ಬ ಸಿಟ್ಟಿಗೆ ಇಡೀ ಬಿಲ್ಲನ್ನೇ ಕಟ್ಟದೆ ಕೂತಾಗ ಅವನಿಗೆ ಸರಿಯಾಗಿ ಬೈದರು: "ಜಗಳ ಒಂದು ಬಾಬ್ತಿನ ಮೇಲೆ ಕಣಯ್ಯಾ. ಮಿಕ್ಕಿದ್ದು ಕಟ್ಟದೆ ಹೋದ್ರೆ ಬಡ್ಡಿ ನಿನ್ನ ತಲೆ ಮೇಲೆ."

ಡಿಸ್ಪ್ಯೂಟ್ ಫಾರಮ್ಮಿನೊಂದಿಗೆ ರಾಯರು ಲಗತ್ತಿಸಿದ್ದು 41 ಪುಟ. ಅದರಲ್ಲಿ ತಮ್ಮ ಗೇಟಿನ ಫೋಟೋ ನಾಲ್ಕು ದಿಕ್ಕಿನಿಂದ, ಮತ್ತು 'ಸದರಿ ನಾಯಿಯನ್ನು ಸ್ಥಳದಲ್ಲಿ ಗುರುತಿಸಲಾಗಿದೆ' ಎಂಬ ಹೇಳಿಕೆ. ಕೆಳಗೆ ಸಾಕ್ಷಿಯಾಗಿ ನನ್ನ ಸಹಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು; ಫೀಸಿಲ್ಲ, ವಕೀಲರೂ ಬೇಕಿಲ್ಲ. ಕಾಗದದಲ್ಲೇ ಬರೆಯುವವರ ದೂರು ಚಂಡೀಗಢಕ್ಕೆ ಹೋಗಬೇಕು. ರಾಯರಿಗೆ ಪೋರ್ಟಲ್ ಗೊತ್ತಿಲ್ಲವೆಂದಲ್ಲ, ಚಂಡೀಗಢಕ್ಕೆ ಟಪಾಲು ಕಳಿಸುವುದರಲ್ಲಿ ಒಂದು ಗಾಂಭೀರ್ಯವಿದೆ ನೋಡಿ. ಕವರಿಗೆ ವಿಳಾಸ ಬರೆದು, ಅಂಟು ಹಚ್ಚದೆ, ಏಕಾದಶಿಯವರು ದ್ವಾದಶಿ ಕಾದಂತೆ ಮೂವತ್ತೊಂದನೆಯ ದಿನವನ್ನು ಕಾದರು.

ಇಪ್ಪತ್ತೊಂಬತ್ತನೆಯ ದಿನ ದುಡ್ಡು ಬಂತು. 2,149, ಪೈಸೆ ಸಮೇತ ತಾಳೆ. ರಾಯರು ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಗುರುವಾರ ಡೆಲಿವರಿ ಹುಡುಗ ಬಂದು, "ಸಾರ್, ಓಟಿಪಿ" ಎಂದ. ಕೈಯಲ್ಲಿ ಒರಳು! ರಾಯರು, "ಓಟಿಪಿ ಕೊಡೋದಿಲ್ಲ. ಇದು ವಿಲೇವಾರಿಯಾದ ಪ್ರಕರಣ" ಎಂದು ಒಳಗೆ ಫೈಲು ತರಲು ಹೋದರು. ಮೊಬೈಲು ಮಾತ್ರ ಜಗಲಿಯ ಮೇಲೇ ಉಳಿದಿತ್ತು. ಅವರ ಮನೆಯಾಕೆಗೆ ಕನ್ನಡಕವಿಲ್ಲದೆಯೂ ನಾಲ್ಕಂಕಿ ಓದಲು ಬರುತ್ತದೆ.

ಈಗ ರಾಯರ ಬಳಿ ದುಡ್ಡೂ ಇತ್ತು, ಒರಳೂ ಇತ್ತು. ಆಡಿಟ್ ಭಾಷೆಯಲ್ಲಿ ಇದಕ್ಕೆ ಹೆಚ್ಚುವರಿ ಪಾವತಿ ಎನ್ನುತ್ತಾರೆ. ಬೇರೆಯವರಾಗಿದ್ದರೆ ದೇವರು ದೊಡ್ಡವನು ಅಂದುಕೊಂಡು ಸುಮ್ಮನಿರುತ್ತಿದ್ದರು. ರಾಯರು ಬ್ಯಾಂಕಿಗೆ ಫೋನು ಹಚ್ಚಿದರು. ರಿಫಂಡ್ ಬಾರದಿದ್ದರೆ ಒಂದು ಒತ್ತಿ, ಕಡಿಮೆ ಬಂದಿದ್ದರೆ ಎರಡು ಒತ್ತಿ ಎಂದಿತು ಯಂತ್ರದ ದನಿ. ಬೇಡವಾಗಿದ್ದರೆ ಏನು ಒತ್ತಬೇಕೆಂದು ಹೇಳಲಿಲ್ಲ. ಕಡೆಗೊಬ್ಬಳು ಹುಡುಗಿ ಸಿಕ್ಕಳು.

"ರಿಫಂಡ್ ಬಂದಿಲ್ವಾ ಸರ್?"

"ಬಂದಿದೆಯಮ್ಮ."

"ಮತ್ತೆ ತೊಂದರೆ ಏನು ಸರ್?"

"ಬಂದಿದೆಯಲ್ಲಾ, ಅದೇ."

ಆಕೆ ಸ್ವಲ್ಪ ಹೊತ್ತು ಹೋಲ್ಡ್‌ನಲ್ಲಿಟ್ಟಳು. ಆಮೇಲೆ ಲೈನು ಕಡಿದುಹೋಯಿತು. ಅಂಗಡಿಯವರಿಗೆ ಬರೆದರೆ ಚಾಟು ತಕ್ಷಣ ಉತ್ತರಿಸಿತು: "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ. ನಿಮ್ಮ ರಿಫಂಡ್ 5ರಿಂದ 7 ಕೆಲಸದ ದಿನಗಳಲ್ಲಿ ಬರಲಿದೆ." ರಾಯರು ಬೆವತರು. ಇನ್ನೊಂದು ಸಲ ಬಂದುಬಿಟ್ಟರೆ?

ಒರಳಿನ ಡಬ್ಬಕ್ಕೆ ಹುರಿ ಸುತ್ತಿ, ಅರಗು ಒತ್ತಿ, 'ತೆರೆಯಕೂಡದು' ಎಂದು ಬರೆದು ಬೀರುವಿನ ಮೇಲಿಟ್ಟರು. ಮಗಳು, ಅಳಿಯ ಬಂದದ್ದು ಭಾನುವಾರ. ಸಾಕ್ಷಿ ಎಂದು ನನ್ನನ್ನೂ ಊಟಕ್ಕೆ ಕರೆದಿದ್ದರು. ಎಲೆಗೆ ಬಿದ್ದದ್ದು ಬಿಸಿಬಿಸಿ ಒತ್ತು ಶಾವಿಗೆ, ಕಾಯಿಹಾಲು, ಎಳ್ಳುಪುಡಿ. ರಾಯರು ಎಲೆ ನೋಡಿದರು, ಬೀರು ನೋಡಿದರು, ಅವರ ಮನೆಯಾಕೆ ಗೋಡೆ ನೋಡಿದರು. ಯಾರೂ ಏನೂ ಕೇಳಲಿಲ್ಲ. ರಾಯರು ಮೂರು ಸಲ ಹಾಕಿಸಿಕೊಂಡರು.

ಕೈ ತೊಳೆದು ಬಂದು ಫೈಲು ಬಿಚ್ಚಿ, ಕೊನೆಯ ಪುಟದಲ್ಲಿ ತಾರೀಖು ಹಾಕಿ ಬರೆದರು: 'ವಸ್ತುವಿನ ಸ್ಥಿತಿ: ಬಳಸಲಾಗಿದೆ. ಗುಣಮಟ್ಟ: ತೃಪ್ತಿಕರ. ಹಣ ಹಿಂದಿರುಗಿಸುವ ಬಗ್ಗೆ ಪತ್ರ ವ್ಯವಹಾರ ಮುಂದುವರಿದಿದೆ.' ಆಮೇಲೆ ಪೆನ್ನನ್ನು ನನ್ನ ಕೈಗೆ ಕೊಟ್ಟು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದರು.