ಬಂದ ಹಾಗೆ ಕಳಿಸಿದ್ದೇನೆ

ಮೊಮ್ಮಗಳು: ತಾತ, ಕಾಫಿ ಆರಿಹೋಯ್ತು.

ತಾತ: ಇರಮ್ಮ, ಯುನೆಸ್ಕೋದವರು ನಮ್ಮ ರಾಷ್ಟ್ರಗೀತೆಗೆ ಮೊದಲ ಸ್ಥಾನ ಕೊಟ್ಟಿದಾರೆ. ಎಲ್ಲರಿಗೂ ಕಳಿಸಿಬಿಡ್ತೀನಿ.

ಮೊಮ್ಮಗಳು: 2008ರಿಂದ ಕೊಡ್ತಾನೇ ಇದಾರೆ. ಪಾಪ, ಯುನೆಸ್ಕೋಗೇ ಅದು ಗೊತ್ತಿಲ್ಲ.

ತಾತ: ಎರಡು ಸಾವಿರದ ನೋಟಲ್ಲಿ ಚಿಪ್ಪಿಲ್ಲ ಅಂತಾನೂ ನೀನೇ ಹೇಳಿದ್ದು.

ಮೊಮ್ಮಗಳು: ಇತ್ತಾ?

ತಾತ: ಇಲ್ದೇ ಇದ್ರೆ 2023ರಲ್ಲಿ ರಿಸರ್ವ್ ಬ್ಯಾಂಕ್ ವಾಪಸ್ ಯಾಕೆ ತಗೊಳ್ತು?

(ಇಂಥ ತರ್ಕಕ್ಕೆ ಉತ್ತರ ಕೊಟ್ಟವರನ್ನು ನಾನಂತೂ ಕಂಡಿಲ್ಲ.)

ಮೊಮ್ಮಗಳು: ತಾತ, 2018ರಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನೇ ಮಕ್ಕಳ ಕಳ್ಳರು ಅಂತ ವಾಟ್ಸಾಪಲ್ಲಿ ಹಬ್ಬಿಸಿದ್ರು. ಜನ ಅಟ್ಟಿಸ್ಕೊಂಡು ಹೋಗಿ ಮುರ್ಕಿಯಲ್ಲಿ ಹೊಡೆದು, ಒಬ್ಬ ಸತ್ತೇಹೋದ.

ತಾತ: ಅದಕ್ಕೇ ಕಣಮ್ಮ, ನಾನು ಕೊನೇಲಿ ‘ಬಂದ ಹಾಗೆ ಕಳಿಸಿದ್ದೇನೆ’ ಅಂತ ಹಾಕೋದು. ಪಾಪ ನಮಗಂಟೋದಿಲ್ಲ.

(ಅದೇ ವರ್ಷ ವಾಟ್ಸಾಪ್‌ನವರು ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಅಂತ ಕಡಿವಾಣ ಹಾಕಿದರು. ತಾತ ನಿವೃತ್ತ ಗಣಿತದ ಮೇಷ್ಟ್ರು. ಐದರ ಮಗ್ಗಿಗೆ ಹೆದರುವವರಲ್ಲ.)

ಅಜ್ಜಿ: ರೀ, ಬಿಪಿ ಮಾತ್ರೆ ನುಂಗಿದ್ರಾ?

ತಾತ: ಬಿಟ್ಬಿಟ್ಟೆ. ಮೆಂತ್ಯದ ನೀರು ಸಾಕಂತೆ. ಅಮೆರಿಕದ ದೊಡ್ಡ ಡಾಕ್ಟರು ಹೇಳಿದಾರೆ, ನೋಡು.

ಅಜ್ಜಿ (ಕನ್ನಡಕ ಏರಿಸಿ): ಅಯ್ಯೋ, ಇದು ಹೋದ ವಾರ ನಾನು ಭಜನಾ ಮಂಡಳಿಗೆ ಬರೆದು ಹಾಕಿದ್ದು! ನಿಮ್ಮ ಹತ್ರ ಬರೋ ಹೊತ್ಗೆ ಅಮೆರಿಕಕ್ಕೂ ಹೋಗಿ, ಡಾಕ್ಟರೂ ಆಗ್ಬಿಟ್ನಾ?