ಛಿದ್ರಮೀಮಾಂಸೆ: ಬನಹಟ್ಟಿ ಭಾಷ್ಯಸಹಿತ

ಮುಚ್ಚಿದ ತೂತು ತೆರೆದೇ ಇರಬಲ್ಲದೆ? ಪ್ರಾಚೀನ ತಾರ್ಕಿಕರು ಈ ಪ್ರಶ್ನೆ ಎತ್ತಲಿಲ್ಲ. ಅವರ ಕಾಲದಲ್ಲಿ ವಿಂಡೋಸ್ ಇರಲಿಲ್ಲ. 2017ರ ಮಾರ್ಚ್ 14ರಂದು ಮೈಕ್ರೊಸಾಫ್ಟ್ ವಿಂಡೋಸ್‌ನ ತೂತಿಗೆ ಎಂಎಸ್17-010 ಎಂಬ ತೇಪೆ ಹೊರಡಿಸಿತು. ಮೇ 12ರಂದು ವಾನ್ನಾಕ್ರೈ ಎಂಬ ಹುಳು ಅದೇ ತೂತಿನಿಂದ ನುಗ್ಗಿ, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು, ಬಿಡಿಸಿಕೊಳ್ಳಲು 300 ಡಾಲರ್ ಕೇಳಿತು. ನಡುವಿನ 59 ದಿನಗಳೇ ಪ್ರಸ್ತುತ ಪ್ರಬಂಧದ ವ್ಯಾಪ್ತಿ.

ಮೊದಲು ಛಿದ್ರಲಕ್ಷಣ. ಎಸ್‌ಆರ್‌ವಿ.ಸಿಸ್ ಎಂಬ ಡ್ರೈವರ್ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ ಕೂತು, ಕಂಪ್ಯೂಟರುಗಳು ಪರಸ್ಪರ ಕಡತ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯನ್ನು ನಡೆಸುತ್ತಿತ್ತು. ಕರ್ನಲ್‌ನಲ್ಲಿ ಕೂತವರನ್ನು ಕೇಳುವವರಿಲ್ಲ. ಈ ಡ್ರೈವರ್ ಒಂದು ಪಟ್ಟಿಯ ಉದ್ದವನ್ನು 32 ಬಿಟ್‌ನಲ್ಲಿ ಓದಿ, ತಿದ್ದುವಾಗ ಕೆಳಗಿನ 16 ಬಿಟ್ ಮಾತ್ರ ತಿದ್ದುತ್ತಿತ್ತು. ದಾಳಿಕೋರರು 65,536 ಎಂದು ಕೊಟ್ಟರು. ಅದು 65,373ಕ್ಕೆ ಇಳಿಯಬೇಕಿತ್ತು, 1,30,909ಕ್ಕೆ ಏರಿತು. ಜಾಗ ಕಾದಿರಿಸಿದ್ದು ಚಿಕ್ಕ ಲೆಕ್ಕಕ್ಕೆ, ಸುರಿದದ್ದು ದೊಡ್ಡ ಲೆಕ್ಕಕ್ಕೆ. ಹೊರಚೆಲ್ಲಿದ್ದು ಪಕ್ಕದ ನೆನಪಿನ ಮೇಲೆ ಕೂತು ಯಜಮಾನಿಕೆ ನಡೆಸಿತು.

ಇಲ್ಲಿ ನೇಕಾರರ ಊರಾದ ಬನಹಟ್ಟಿಯ ಭಾಷ್ಯ: ಹಾಸಿನ ನೂರು ಎಳೆಯಲ್ಲಿ ಎರಡು ಕಳೆದು, ಬಿಡಿ-ಹತ್ತು ತಿದ್ದಿ, ನೂರರ ಸ್ಥಾನದ ಒಂದನ್ನು ಅಳಿಸದೆ 198 ಎಂದು ಬರೆದಂತೆ. ಮಗ್ಗದ ಮನೆಯಲ್ಲಿ ಇಂಥ ಲೆಕ್ಕ ಸಂಜೆಯೊಳಗೆ ಸಿಕ್ಕಿಬೀಳುತ್ತದೆ. ವಿಂಡೋಸ್‌ನಲ್ಲಿ ವರ್ಷಗಟ್ಟಲೆ ಬಾಳಿತು.

ಹಾಗಾದರೆ ತೇಪೆ ಬಂದ ಮೇಲೂ ತೂತು ಉಳಿದದ್ದೇಕೆ? ಮುಂದೂಡಿಕಾ ಪಂಥದ ಮೂಲಸೂತ್ರವನ್ನು ಪೇಟೆಯ ಯಾವುದೇ ಸೀರೆ ಅಂಗಡಿಯ ಗಲ್ಲೆಯ ಮುಂದೆ ನಿಂತು ಕೇಳಬಹುದು: “ಈಗ ಬಂದ್ ಮಾಡಬ್ಯಾಡೋ ತಮ್ಮಾ, ಗಿರಾಕಿ ನಿಂತಾರ, ಬಿಲ್ ಹರಿಯೂದೈತಿ.” ಸೂತ್ರ ತಾರ್ಕಿಕವಾಗಿ ನಿರ್ದುಷ್ಟ. ಆದರೆ ಡ್ರೈವರ್ ಒಮ್ಮೆ ನೆನಪಿಗೇರಿದರೆ ಹಳೆಯದೇ ಓಡುತ್ತಿರುತ್ತದೆ. ಯಂತ್ರ ಆರಿಸಿ ಹಚ್ಚುವವರೆಗೆ ತೇಪೆ ಡಿಸ್ಕಿನಲ್ಲಿ ಸುಮ್ಮನೆ ಮಲಗಿರುತ್ತದೆ. ಗಿರಾಕಿ ಇಲ್ಲದ ಹೊತ್ತಿಗೆ ಬನಹಟ್ಟಿಯಲ್ಲಿ ಕರೆಂಟೂ ಇರುವುದಿಲ್ಲವೆಂದು ಕೆಲ ಉಪಪಂಥೀಯರು ವಾದಿಸುತ್ತಾರೆ.

ನಿಷೇಧ ಪಂಥ ಇನ್ನೂ ಕಟ್ಟುನಿಟ್ಟು. ಕದ್ದ ವಿಂಡೋಸ್ ಹಾಕಿಕೊಟ್ಟ ಹುಡುಗ, ಬಣ್ಣ ಬಯಲಾದೀತೆಂದು ಅಪ್‌ಡೇಟ್ ಎಂಬುದನ್ನೇ ನಿಲ್ಲಿಸಿ ಹೋಗಿರುತ್ತಾನೆ.

ಪಂಡಿತರು ಮಾತ್ರ ಮುದಿ ವಿಂಡೋಸ್ ಎಕ್ಸ್‌ಪಿಯ ಕಡೆ ಬೆರಳು ತೋರಿದರು. ಮೈಕ್ರೊಸಾಫ್ಟ್ ಕೂಡ, 2014ರಲ್ಲೇ ಎಳ್ಳುನೀರು ಬಿಟ್ಟಿದ್ದ ಎಕ್ಸ್‌ಪಿಗೆ ದಾಳಿಯ ಬೆನ್ನಲ್ಲೇ ತೇಪೆ ಕೊಟ್ಟಿತು. ತಿಥಿಯ ನಂತರ ಲಸಿಕೆ ಹಾಕಿದ ದಾಖಲೆ ಶಾಸ್ತ್ರದಲ್ಲಿ ಬೇರೆ ಇಲ್ಲ. ಆದರೆ ಭದ್ರತಾ ಸಂಸ್ಥೆ ಕ್ಯಾಸ್ಪರ್‌ಸ್ಕಿ ಎಣಿಸಿ ನೋಡಿದಾಗ ಸಿಕ್ಕಿಬಿದ್ದ ಯಂತ್ರಗಳಲ್ಲಿ ಶೇ. 98ರಷ್ಟು ವಿಂಡೋಸ್ 7. ಎರಡು ತಿಂಗಳ ಹಿಂದೆಯೇ ತೇಪೆ ಸಿಕ್ಕಿದ್ದ ಪ್ರಾಯದ ಯಂತ್ರಗಳು.

ಹುಳುವನ್ನು ತಡೆದದ್ದೂ ತೇಪೆಯಲ್ಲ. ಅದು ಹೊರಡುವ ಮುನ್ನ, ಯಾರೂ ನೋಂದಾಯಿಸದ ಒಂದು ವೆಬ್ ವಿಳಾಸ ಓಗೊಡುತ್ತದೆಯೇ ಎಂದು ಕೂಗಿ ನೋಡುತ್ತಿತ್ತು. ಇಂಗ್ಲೆಂಡಿನ ಭದ್ರತಾ ಸಂಶೋಧಕ ಮಾರ್ಕಸ್ ಹಚಿನ್ಸ್ ಹತ್ತು ಡಾಲರ್ ಚಿಲ್ಲರೆಗೆ ಅದನ್ನು ಕೊಂಡ. ಓಗೊಟ್ಟದ್ದೇ ಹುಳು ಸುಮ್ಮನಾಯಿತು. ಜೂನ್ 27ರಂದು ನಾಟ್‌ಪೆಟ್ಯಾ ಎಂಬ ಇನ್ನೊಂದು ಹುಳು, ಬೇರೆ ದಾರಿಗಳ ಜೊತೆಗೆ ಇದೇ ತೂತನ್ನೂ ಬಳಸಿ ಹರಡಿತು. ಮುಂಬೈ ಬಳಿಯ ಜೆಎನ್‌ಪಿಟಿ ಬಂದರಿನ ಒಂದು ಟರ್ಮಿನಲ್‌ನಲ್ಲಿ ಕೆಲಸ ನಿಂತಿತು. ತೇಪೆಗೆ ಆಗ 105 ದಿನ. ಪ್ರಬಂಧದ ಎರಡನೆಯ ಸಂಪುಟಕ್ಕೆ ಸಾಮಗ್ರಿ ಒದಗಿತು.